ಮನಸ್ಸು ಒಪ್ಪದಿದ್ದರೂ ವಿಧೇಯರಾಗಬೇಕೇ?

ಪ್ರಶ್ನೆ: ಕಷ್ಟಗಳು ಒಂದರ ಹಿಂದೊಂದು ಬರುತ್ತಿವೆ. ಎಷ್ಟು ಪ್ರಾರ್ಥಿಸಿದರೂ ದೇವರ ಚಿತ್ತ ಅರ್ಥವಾಗುತ್ತಿಲ್ಲ. ಒಳಗೆ ಸಂಶಯ ಇಟ್ಟುಕೊಂಡು ಹೊರಗೆ ವಿಧೇಯತೆ ತೋರಿಸಿದರೆ ಅದು ಕಪಟವಾಗುವುದಿಲ್ಲವೇ?

ಉತ್ತರ: ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಒಂದು ಜಮೀನಿನ ಕ್ರಯಪತ್ರ. ಅದರ ವಿವರ ಬೈಬಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯದಲ್ಲಿದೆ.

ಕ್ರಿ.ಪೂ. 588ರ ಆಸುಪಾಸು. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಈ ನಗರ ಶತ್ರುವಿನ ಕೈಸೇರುತ್ತದೆ ಎಂದು ಸಾರಿದ್ದಕ್ಕೆ ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಾಳು. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ನೀನು ಕೊಂಡುಕೋ ಎನ್ನುತ್ತಾನೆ. ಅನಾತೋತ್ ಯೆರೂಸಲೇಮಿನಿಂದ ನಾಲ್ಕೈದು ಕಿ.ಮೀ. ದೂರದ ಹಳ್ಳಿ, ಯೆರೆಮೀಯನ ಹುಟ್ಟೂರು. ಹಿಂದೊಮ್ಮೆ ಅವನನ್ನು ಕೊಲ್ಲಲು ಸಂಚು ಹೂಡಿದ್ದವರೂ ಆ ಊರಿನವರೇ. ಇಂಥ ಕಾಲದಲ್ಲಿ ಇಂಥ ಊರಿನ ಹೊಲ! ನಮ್ಮ ಕಡೆಯ ಯಾವ ದಲ್ಲಾಳಿಯೂ ಈ ವ್ಯವಹಾರಕ್ಕೆ ಕೈ ಹಾಕುತ್ತಿರಲಿಲ್ಲ.

ಆದರೆ ಹನಮೇಲ ಬರುತ್ತಾನೆಂದು ಯೆಹೋವನು ಮೊದಲೇ ತಿಳಿಸಿದ್ದನು. ಯೆರೆಮೀಯ ಹೊಲವನ್ನು ಕೊಂಡನು. ಮುಂದಿನ ವಚನಗಳನ್ನು ಓದಿದರೆ ನೋಂದಣಿ ಕಚೇರಿಯಲ್ಲಿ ಕುಳಿತಂತಾಗುತ್ತದೆ. 17 ಶೆಕೆಲ್ ಬೆಳ್ಳಿ, ಇಂದಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ, ತಕ್ಕಡಿಯಲ್ಲಿ ತೂಗಿ ಕೊಟ್ಟದ್ದಾಯಿತು. ಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳ ರುಜು ತೆಗೆದುಕೊಂಡದ್ದಾಯಿತು. ಮುದ್ರೆ ಹಾಕಿದ ಪ್ರತಿ ಒಂದು, ತೆರೆದ ಪ್ರತಿ ಇನ್ನೊಂದು. ಎರಡನ್ನೂ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿಡು ಎಂದನು. ಮಣ್ಣಿನ ಪಾತ್ರೆಯಲ್ಲಿಟ್ಟ ಬರಹ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಸುಮಾರು ಎರಡು ಸಾವಿರ ವರ್ಷ ಹಳೆಯ ಸುರುಳಿಗಳು ಜಗತ್ತಿಗೇ ತೋರಿಸಿದವು.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಇದರ ನಂತರ. ಪತ್ರವನ್ನು ಬಾರೂಕನ ಕೈಗಿಟ್ಟ ಮೇಲೆ ಯೆರೆಮೀಯ ಪ್ರಾರ್ಥನೆಗೆ ಕೂರುತ್ತಾನೆ. ಆಕಾಶ ಭೂಮಿಗಳನ್ನು ಉಂಟುಮಾಡಿದವನೇ, ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂದು ಶುರುವಾಗುವ ಆ ಪ್ರಾರ್ಥನೆ ಕೊನೆಗೆ ಬಂದು ನಿಲ್ಲುವುದು ದೂರಿನ ಮೇಲೆ: ಮುತ್ತಿಗೆಯ ದಿಬ್ಬಗಳು ಗೋಡೆಗೆ ತಾಗುತ್ತಿವೆ, ನೀನೇ ನೋಡುತ್ತಿದ್ದೀ; ಆದರೂ ಹಣ ಕೊಟ್ಟು ಹೊಲ ಕೊಂಡುಕೋ ಎಂದೆಯಲ್ಲಾ! ಅಂದರೆ ತಕ್ಕಡಿ ಹಿಡಿದ ಹೊತ್ತಿನಲ್ಲೂ ಅವನಿಗೆ ವಿಷಯ ಪೂರ್ತಿ ಜೀರ್ಣವಾಗಿರಲಿಲ್ಲ. ಕೈ ಕೆಲಸ ಮುಗಿಸಿತ್ತು, ಮನಸ್ಸು ಇನ್ನೂ ಹಿಂದೆ ಬರುತ್ತಿತ್ತು. ಇದನ್ನು ಕಪಟ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಪಟಿಯಾದವನು ಸಂಶಯವನ್ನು ಮುಚ್ಚಿಡುತ್ತಾನೆ, ಇವನು ಅದನ್ನು ದೇವರ ಮುಂದೆಯೇ ಸುರಿದನು. ಈ ಹೊಲಗದ್ದೆಗಳಿಗೆ ಮತ್ತೆ ಕ್ರಯಪತ್ರಗಳಾಗುವವು ಎಂಬ ವಿವರವಾದ ಉತ್ತರ ಸಿಕ್ಕಿದ್ದೂ ಆಮೇಲೆಯೇ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆ. ಮನೆಯಲ್ಲಿ ಹೊಡೆತ ತಿನ್ನುವವರಿಗೂ ಕೆಲಸದಲ್ಲಿ ಸಂಬಳ ಸಿಗದವರಿಗೂ 'ಸುಮ್ಮನೆ ಸಹಿಸಿಕೋ, ಅದೇ ವಿಧೇಯತೆ' ಎಂದು ಬುದ್ಧಿ ಹೇಳುವವರು ಸಭೆಗಳಲ್ಲಿ ಇದ್ದಾರೆ. ಅಂಥವರು ಅದೇ ಗ್ರಂಥದ 37ನೆಯ ಅಧ್ಯಾಯವನ್ನೂ ಓದಬೇಕು. ಲೇಖಕ ಯೋನಾತಾನನ ಮನೆಯ ನೆಲಮಾಳಿಗೆಯ ಸೆರೆಗೆ ನನ್ನನ್ನು ಮತ್ತೆ ಕಳುಹಿಸಬೇಡ, ಅಲ್ಲಿ ಸತ್ತೇನು ಎಂದು ಇದೇ ಯೆರೆಮೀಯ ಅರಸ ಚಿದ್ಕೀಯನನ್ನು ಬೇಡಿಕೊಂಡನು. ಅರಸ ಒಪ್ಪಿ, ಅವನನ್ನು ಕಾವಲಿನ ಅಂಗಳದಲ್ಲಿ ಇರಿಸಿದನು. ಊರಿನಲ್ಲಿ ರೊಟ್ಟಿ ಮುಗಿಯುವವರೆಗೂ ರೊಟ್ಟಿಗಾರರ ಬೀದಿಯಿಂದ ದಿನಕ್ಕೊಂದು ರೊಟ್ಟಿ ಅವನಿಗೆ ಬರುತ್ತಿತ್ತು. ಹೊಲ ಕೊಂಡದ್ದು ಆ ಅಂಗಳದಲ್ಲಿಯೇ.