ಬಿಚ್ಚಿ ನೋಡಿದ್ರೆ ಗೊತ್ತಾಗ್ತದೆ ಆಡಿದ್ದು ಯಾರು ಅಂತ

ರಿಪೇರಿಗೆ ಬಂದ ಗೇಮ್ ಕನ್ಸೋಲ್, ಅಂದ್ರೆ ಟಿವಿಗೆ ಹಾಕಿ ಗೇಮ್ ಆಡುವ ಮೆಷಿನ್, ಬಿಚ್ಚಿದ ಕೂಡ್ಲೇ ಅದು ಎಂಥ ಮನೆಯಲ್ಲಿತ್ತು ಅಂತ ಸುಮಾರಾಗಿ ಹೇಳ್ಬಹುದು ಮಾರಾಯ್ರೆ. ದಿನಾ ರಾತ್ರಿ ಕೂತು ಆಡುವ ಹುಡುಗರದ್ದಾದ್ರೆ ಕಂಟ್ರೋಲರಿನ ಎಡಗಡೆ ಸ್ಟಿಕ್ ಸವೆದು ನುಣ್ಣಗಾಗಿರ್ತದೆ, ಬಟನ್ ಸಂದಿಯಲ್ಲಿ ಬೆವರಿನ ಕಪ್ಪು ಕೂತಿರ್ತದೆ, ಫ್ಯಾನ್ ಧೂಳಲ್ಲಿ ಮುಚ್ಚಿಹೋಗಿರ್ತದೆ. ಇನ್ನೊಂದು ಥರದ್ದು ಬರ್ತದೆ, ಒಳಗೆ ಬೋರ್ಡು ಹೊಸತರ ಹಾಗೇ ಉಂಟು, ಆದ್ರೆ ರಿಮೋಟಿನಲ್ಲಿ ಹಾಕಿಟ್ಟ ಸೆಲ್ ಸೋರಿ ಸ್ಪ್ರಿಂಗಿಗೆಲ್ಲ ಹಸಿರು ಕಿಲುಬು, ಮೇಲೆ ಬೂಸ್ಟು. ಅದು ಸುಮಾರು ಮಳೆಗಾಲ ಕಪಾಟಿನೊಳಗೆ ಕಳೆದದ್ದು, ಮಂಗಳೂರಿನ ಹವೆ ಯಾರನ್ನೂ ಬಿಡುದಿಲ್ಲ. ಜಪಾನಿನ ನಿಂಟೆಂಡೊ ಕಂಪೆನಿಯ ವೀ ಅನ್ನೋ ಕನ್ಸೋಲ್ ನನ್ಹತ್ರ ಹೆಚ್ಚಾಗಿ ಬರೋದು ಹೀಗೇ. ದುಬೈಯಿಂದ ಮಾವನೋ ಕುವೈಟಿಂದ ಅಣ್ಣನೋ ತಂದದ್ದು, ಒಂದು ರಜೆಯಲ್ಲಿ ಅಜ್ಜಿಯಿಂದ ಹಿಡಿದು ಪುಳ್ಳಿವರೆಗೆ ಎಲ್ರೂ ಟಿವಿ ಮುಂದೆ ನಿಂತು ಬೌಲಿಂಗ್ (ಕ್ರಿಕೆಟಿನದ್ದಲ್ಲ, ಚೆಂಡು ಉರುಳಿಸಿ ಪಿನ್ ಬೀಳಿಸುವುದು) ಆಡಿದ್ದು, ಆಮೇಲೆ ಅದನ್ನು ಕೇಳುವವರಿಲ್ಲ.

ಸೆಕೆಂಡ್‌ಹ್ಯಾಂಡ್ ಮಾರಿ, ರಿಪೇರಿ ಮಾಡಿ ಬದುಕುವ ನಂಗೆ ಈ ಎರಡೂ ಥರದ ಗಿರಾಕಿಗಳು ಬೇಕು, ನಿಂಟೆಂಡೊಗೂ ಬೇಕು. "ಕ್ಯಾಶುವಲ್‌ನವರಿಗೆ, ಅಂದ್ರೆ ಅಪರೂಪಕ್ಕೆ ಆಡುವವರಿಗೆ, ಅಂತ ಮಾಡ್ಲಿಕ್ಕೆ ಹೋಗಿಯೇ ನಿಂಟೆಂಡೊದವ್ರು ಹಾಳಾದದ್ದು ಅಣ್ಣಾ" ಅಂತ ಕಾಲೇಜು ಹುಡುಗರು ಅಂಗಡಿಗೆ ಬಂದು ವಾದ ಮಾಡ್ತಾರೆ. ನಾನು ಒಪ್ಪುದಿಲ್ಲ. ಮನೆಮಂದಿ ಬಂದದ್ರಿಂದ ತೊಂದ್ರೆ ಆದದ್ದಲ್ಲ, ಬಂದವರ ಕೈಗೆ ಎರಡನೇ ಗೇಮ್ ಕೊಡ್ಲಿಕ್ಕೆ ಆಗದ್ದರಿಂದ ಆದದ್ದು.

ಸ್ವಲ್ಪ ಲೆಕ್ಕ ನೋಡುವ. ವೀಗಿಂತ ಮುಂಚಿನ ನಿಂಟೆಂಡೊದ ಗೇಮ್‌ಕ್ಯೂಬ್ ಕನ್ಸೋಲ್ ಒಟ್ಟು ಮಾರಾಟ ಆದದ್ದು 2.17 ಕೋಟಿ, ಅದೇ ಕಾಲದ ಸೋನಿಯ ಪಿಎಸ್2 (ಪ್ಲೇಸ್ಟೇಷನ್ 2) 15 ಕೋಟಿ ದಾಟಿತು. ದಿನಾ ಆಡುವವರಿಗಾಗಿ ಸೋನಿ ಜೊತೆ ಪವರ್‌ನಲ್ಲಿ ಜಿದ್ದಿಗೆ ಬಿದ್ರೆ ಗೆಲ್ಲುದಿಲ್ಲ ಅಂತ ಗೊತ್ತಾದ ಮೇಲೆ, 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾತ ಗೇಮೇ ಆಡದವರನ್ನು ಕರ್ಕೊಂಡು ಬರುವ ದಾರಿ ಹಿಡಿದ್ರು. ಮೊದ್ಲು 2004ರಲ್ಲಿ ಕೈಯಲ್ಲಿ ಹಿಡಿದು ಆಡುವ ಟಚ್ ಸ್ಕ್ರೀನಿನ ಡಿಎಸ್, ಆಮೇಲೆ 2006ರ ನವೆಂಬರಿನಲ್ಲಿ ವೀ. ಅಮೆರಿಕದಲ್ಲಿ ಪಿಎಸ್3ಗೆ 499 ಮತ್ತು 599 ಡಾಲರ್ ಇದ್ದಾಗ ವೀಗೆ 249.99, ಜಪಾನ್ ಬಿಟ್ಟು ಹೆಚ್ಚಿನ ಕಡೆ ಬಾಕ್ಸಿನೊಳಗೇ ವೀ ಸ್ಪೋರ್ಟ್ಸ್ ಅನ್ನೋ ಟೆನಿಸ್, ಬೌಲಿಂಗ್ ಇರುವ ಗೇಮ್ ಫ್ರೀ. ರಿಮೋಟ್ ಹಿಡಿದು ಕೈ ಬೀಸಿದ್ರೆ ಟೆನಿಸ್ ಬ್ಯಾಟ್ ಬೀಸ್ತದೆ, ಅಷ್ಟೇ, ಹೇಳಿಕೊಡ್ಲಿಕ್ಕೆ ಎಂಥದ್ದೂ ಇಲ್ಲ. 10.16 ಕೋಟಿ ಮಾರಾಟ ಆಯ್ತು.

ಇಲ್ಲಿ ವ್ಯಾಪಾರದ ಒಂದು ಗುಟ್ಟು ಉಂಟು. ಪಿಎಸ್3 ಶುರುವಿನಲ್ಲಿ ಅಷ್ಟು ರೇಟಿಗೆ ಮಾರಿಯೂ ಒಂದೊಂದು ಮೆಷಿನಿನ ಮೇಲೆ ಸೋನಿಗೆ ಲಾಸೇ ಆಗ್ತಿತ್ತು, ಅದನ್ನು ಗೇಮ್ ಮಾರಿ ತುಂಬಿಸ್ಕೊಳ್ಬೇಕು, ಹಾಗಾಗಿ ವರ್ಷಕ್ಕೆ ಏಳೆಂಟು ಗೇಮ್ ತಗೊಳ್ಳುವ ಹುಡುಗ ಇಲ್ದೆ ಸೋನಿಗೆ ನಡೆಯುದಿಲ್ಲ. ವೀಯಲ್ಲಿ ಹಾಗಲ್ಲ, ಮೆಷಿನ್ ಮಾರಿದ್ರೇ ಲಾಭ. ಅಜ್ಜಿ ಬೌಲಿಂಗ್ ಒಂದೇ ಆಡಿ ಬಿಟ್ರೂ ನಿಂಟೆಂಡೊಗೆ ಹಣ ಬಂದಾಯ್ತು. ಆದ್ರೆ ಆ ಮೆಷಿನಿಗೆ ಗೇಮ್ ಮಾಡಿಕೊಡುವ ಹೊರಗಿನ ಕಂಪೆನಿಗಳಿಗೆ ಅಜ್ಜಿಯಿಂದ ಒಂದು ಪೈಸೆ ಇಲ್ಲ ನೋಡಿ, ಅವ್ರು ದೊಡ್ಡ ಗೇಮೆಲ್ಲ ಪಿಎಸ್3ಗೂ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360ಗೂ ಮಾಡ್ಲಿಕ್ಕೆ ಶುರು ಮಾಡಿದ್ರು, ವೀಯಲ್ಲಿ ಎಚ್‌ಡಿ ಕೂಡ ಇಲ್ಲ, ಚಿತ್ರದ ಸ್ಪಷ್ಟತೆ ಅದಕ್ಕಿಂತ ಕೆಳಗಿನ 480ಪಿಗೇ ನಿಂತದ್ದು, ಹಾಗಾಗಿ ದಿನಾ ಆಡುವವ ಮನೆಯಲ್ಲಿ ವೀ ಇದ್ರೂ ಪಕ್ಕದಲ್ಲಿ ಇನ್ನೊಂದು ಕನ್ಸೋಲ್ ಇಟ್ಕೊಂಡ.

ಅಷ್ಟೊತ್ತಿಗೆ ಫೋನ್ ಬಂತು. 2008ರಲ್ಲಿ ಆಪಲ್‌ನ ಆಪ್ ಸ್ಟೋರ್ ಶುರುವಾಗಿ, ಐದು ನಿಮಿಷದ ಆಟಕ್ಕೆ ಟಿವಿ ಹಾಕುವ ಅಗತ್ಯವೇ ಇಲ್ಲದ ಹಾಗಾಯ್ತು. 2012ರಲ್ಲಿ ನಿಂಟೆಂಡೊದವ್ರು ವೀಯ ನಂತರದ ಕನ್ಸೋಲ್ ವೀ ಯು ಬಿಟ್ರು, ಕೈಯಲ್ಲಿ ಹಿಡಿಯುವ ದೊಡ್ಡ ಸ್ಕ್ರೀನಿನ ಕಂಟ್ರೋಲರ್ ಜೊತೆ. ಮನೆಮಂದಿಗೆ ಅದು ಹೊಸ ಕನ್ಸೋಲೋ ಹಳೇದಕ್ಕೆ ಹಾಕುವ ಎಂಥದ್ದೋ ಐಟಮ್ಮೋ ಅಂತ ತಿಳೀಲಿಲ್ಲ, ಗೇಮರ್‌ಗಳಿಗೆ ಅದ್ರಲ್ಲಿ ಸಾಕಷ್ಟು ಗೇಮ್ ಇರ್ಲಿಲ್ಲ. 1.35 ಕೋಟಿಗೆ ನಿಂತಿತು. ಹತ್ತು ಕೋಟಿ ಮನೆಗೆ ಹೊಕ್ಕ ಕಂಪೆನಿ ಮಾರಾಯ್ರೆ!

ಮೈಕ್ರೋಸಾಫ್ಟ್ ಇದೇ ಗುಂಡಿಗೆ ಬೇರೆ ಕಡೆಯಿಂದ ಬಿತ್ತು. ಕೈಕಾಲು ಆಡಿಸಿ ಆಡುವ ಕಿನೆಕ್ಟ್ ಕ್ಯಾಮೆರಾ 2010ರಲ್ಲಿ ಎಕ್ಸ್‌ಬಾಕ್ಸ್ 360ಗೆ ಬಂದಾಗ 60 ದಿನದಲ್ಲಿ 80 ಲಕ್ಷ ಹೋಯ್ತು, ಆ ಖುಷಿಯಲ್ಲಿ 2013ರ ಎಕ್ಸ್‌ಬಾಕ್ಸ್ ಒನ್ ಜೊತೆ ಅದನ್ನು ಎಲ್ರಿಗೂ ಕಡ್ಡಾಯ ಮಾಡಿ 499 ಡಾಲರ್ ಇಟ್ರು, ಪಿಎಸ್4ಗೆ 399. ಬೇಡದ ಕ್ಯಾಮೆರಾಕ್ಕೆ 100 ಡಾಲರ್ ಯಾಕೆ ಕೊಡ್ಬೇಕು ಅಂತ ಜನ ಸೋನಿ ಕಡೆ ಹೋದ್ರು, ಮರುವರ್ಷ ಕ್ಯಾಮೆರಾ ಇಲ್ಲದ ಬಾಕ್ಸ್ ತರ್ಲೇಬೇಕಾಯ್ತು.

ಈಗ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬರುವ, ಟಿವಿಗೆ ಹಾಕಿಯೂ ಕೈಯಲ್ಲಿ ಹಿಡಿದೂ ಆಡುವಂಥದ್ದು. 2017ರ ಮಾರ್ಚಿನಲ್ಲಿ ಬಂದದ್ದು, 15 ಕೋಟಿ ದಾಟಿದೆ. ಇದ್ರಲ್ಲಿ ನಿಂಟೆಂಡೊ ಕ್ಯಾಶುವಲ್‌ಗೊಂದು, ಹಾರ್ಡ್‌ಕೋರ್ ಅಂದ್ರೆ ದಿನಾ ಆಡುವವರಿಗೊಂದು ಅಂತ ಬೇರೆ ಬೇರೆ ಅಡುಗೆ ಮಾಡ್ಲಿಕ್ಕೆ ಹೋಗ್ಲಿಲ್ಲ, ಒಂದೇ ಗೇಮಿನೊಳಗೆ ಇಬ್ರಿಗೂ ಜಾಗ ಮಾಡಿತು. ಮಾರಿಯೋ ಕಾರ್ಟ್ 8 ಅನ್ನೋ ಗಾಡಿ ರೇಸಿನ ಗೇಮ್ ನೋಡಿ. 2014ರಲ್ಲಿ ವೀ ಯುಗೆ ಬಂದಾಗ 84 ಲಕ್ಷ ಮಾರಾಟ, ಅದನ್ನೇ ಸ್ವಲ್ಪ ತಿದ್ದಿ ಡಿಲಕ್ಸ್ ಅಂತ ಸ್ವಿಚ್‌ಗೆ ತಂದದ್ದು 6 ಕೋಟಿ ದಾಟಿತು.

ಆ ತಿದ್ದುಪಡಿಯಲ್ಲಿ ಒಂದು ನಮ್ಮ ಅಂಗಡಿಗೂ ಬಂದಿತ್ತು. ಬಿಜೈಯ ಒಬ್ಬ ಹುಡುಗ ಸೆಕೆಂಡ್‌ಹ್ಯಾಂಡ್ ಸ್ವಿಚ್ ತಗೊಂಡು ಹೋದವ ವಾರದೊಳಗೆ ಮುಖ ಊದಿಸ್ಕೊಂಡು ವಾಪಸ್ ಬಂದ.

"ಅಣ್ಣಾ, ಸ್ಟಿಕ್ ಸರಿ ಇಲ್ಲ. ಶಾರ್ಟ್‌ಕಟ್‌ಗೆ ತಿರುಗಿಸಿದ್ರೆ ಗಾಡಿ ವಾಪಸ್ ರೋಡಿಗೇ ಎಳೀತದೆ."

"ಗಾಡಿ ಹಿಂದೆ ಒಂದು ಸಣ್ಣ ಆಂಟೆನಾ ಕಾಣ್ತದಲ್ಲ, ಅದೆಂಥದ್ದು ಅಂತ ನೋಡಿದ್ಯಾ ಮಾರಾಯ?"

ಸ್ಟಿಕ್ಕಿಗೆ ಎಂಥದ್ದೂ ಆಗಿರ್ಲಿಲ್ಲ, ಅದು ಸ್ಮಾರ್ಟ್ ಸ್ಟಿಯರಿಂಗ್. ಟ್ರ್ಯಾಕ್ ಬಿಟ್ಟು ಹೊರಗೆ ಬೀಳದ ಹಾಗೆ ಗೇಮೇ ಗಾಡಿಯನ್ನು ಹಿಡ್ಕೊಳ್ತದೆ, ಅದ್ರ ಜೊತೆ ಕೆಲವು ಶಾರ್ಟ್‌ಕಟ್ಟೂ ಬಂದ್ ಆಗ್ತದೆ. ಗಾಡಿ ಆರಿಸುವಾಗ ಪ್ಲಸ್ ಬಟನ್ ಒತ್ತಿ ಆಫ್ ಮಾಡ್ಬಹುದು. ಆಫ್ ಮಾಡಿ ಕೊಟ್ಟೆ. "ಇದನ್ನು ಮೊದ್ಲೇ ಆಫ್ ಇಟ್ಟು ಕೊಡ್ಲಿಕ್ಕೆ ಅವ್ರಿಗೆ ಏನಾಗಿತ್ತು?" ಅಂತ ಅವನ ಪಿರಿಪಿರಿ. ನೋಡಿ, ನಂಗೆ ಇದ್ರಲ್ಲೇ ಆ ಕಂಪೆನಿಯ ಬುದ್ಧಿ ಕಾಣೋದು. ಬೇಡದವ ಮೆನು ಹುಡುಕಿ, ಇಲ್ಲದಿದ್ರೆ ನನ್ಹತ್ರ ಬಂದು ಜಗಳ ಮಾಡಿಯಾದ್ರೂ ಆಫ್ ಮಾಡಿಸ್ಕೊಳ್ತಾನೆ, ಬೇಕಾದವರಿಗೆ, ಅಂದ್ರೆ ಐದು ವರ್ಷದ ಮಗುವಿಗೋ ಅದ್ರ ಅಮ್ಮನಿಗೋ, ಹಾಗೊಂದು ಮೆನು ಉಂಟು ಅಂತಲೇ ಗೊತ್ತಿರುದಿಲ್ಲ. ಹುಡುಕ್ಲಿಕ್ಕೆ ಬಾರದವರ ಕಡೆಗೆ ಸೆಟ್ಟಿಂಗ್ ಇಟ್ಟು, ಹುಡುಕುವವನಿಗೆ ದಾರಿ ಬಿಟ್ಟದ್ದು.

ಮತ್ತೆ ಆ ಗೇಮಿನಲ್ಲಿ ಹಿಂದೆ ಬಿದ್ದವನಿಗೆ ಸ್ಟಾರ್, ಬುಲೆಟ್ ಥರದ ಜೋರಿನ ಐಟಮ್, ಮುಂದೆ ಇರುವವನಿಗೆ ಬಾಳೆಹಣ್ಣಿನ ಸಿಪ್ಪೆ, ಕಾಯಿನ್. ಹಾಗಾಗಿ ಅಮ್ಮನೂ ಮಗನೂ ಒಟ್ಟಿಗೆ ಕೂತ್ರೂ ಅಮ್ಮನಿಗೆ ಒಮ್ಮೊಮ್ಮೆ ಗೆಲ್ಲುವ ಚಾನ್ಸ್ ಉಂಟು. ಒಬ್ನೇ ಕೂತು ಸೆಕೆಂಡಿನ ಲೆಕ್ಕದಲ್ಲಿ ಜಿದ್ದು ಮಾಡುವವನಿಗೆ ಗಡಿಯಾರದ ಜೊತೆ ಓಡುವ ಟೈಮ್ ಟ್ರಯಲ್, ಗಾಡಿ ತುಂಬಾ ಸ್ಪೀಡ್ ಇರುವ 200ಸಿಸಿ. 2022-23ರಲ್ಲಿ 48 ಟ್ರ್ಯಾಕ್ ಹೊಸದಾಗಿ ಸೇರಿಸಿ ಒಟ್ಟು 96 ಮಾಡಿದ್ರು, ಅಂದ್ರೆ ಮನೆಮಂದಿ ಹೊಸ ಗೇಮ್ ಕಲಿಯುವ ರಗಳೆ ಇಲ್ಲದೆ ಅದನ್ನೇ ಮುಂದುವರಿಸ್ಬಹುದು. ಈ ಬುದ್ಧಿ ಪೂರ್ತಿ ಹೊಸತೇನೂ ಅಲ್ಲ, 2009ರ ವೀ ಮಾರಿಯೋದಲ್ಲಿ ಒಂದೇ ಲೆವೆಲಿನಲ್ಲಿ ಎಂಟು ಸಲ ಸತ್ರೆ ಹಸಿರು ಬ್ಲಾಕ್ ಬಂದು, ಅದನ್ನು ಗುದ್ದಿದ್ರೆ ಲುಯಿಜಿ ಅನ್ನೋ ಪಾತ್ರ ತಾನೇ ಆಡಿ ತೋರಿಸ್ತಿದ್ದ. ಬೇಡದವ ಗುದ್ದದೇ ಇದ್ರಾಯ್ತು.

ಮೆಷಿನಿನ ವಿಷಯದಲ್ಲೂ ಸಣ್ಣಸಣ್ಣ ಬದಲಾವಣೆ ನಮ್ಮ ಊರಿಗೆ ದೊಡ್ಡ ಉಪಕಾರ. ಗಲ್ಫ್, ಅಮೆರಿಕ ಅಂತ ಎಲ್ಲೆಲ್ಲಿಂದಲೋ ಬ್ಯಾಗಿನಲ್ಲಿ ಬರುವ ಮಾಲು ನಮ್ಮದು. ಅಮೆರಿಕದ ವೀಯ ಅಡಾಪ್ಟರ್ 120 ವೋಲ್ಟಿನದ್ದು, ಇಲ್ಲಿ ಸೀದಾ ಪ್ಲಗ್ಗಿಗೆ ಹಾಕಿ ಸುಟ್ಟುಕೊಂಡವರು ಸುಮಾರು ಜನ ಬಂದಿದ್ದಾರೆ, ಮತ್ತೆ ಅಮೆರಿಕದ ವೀಗೆ ದುಬೈಯ ಡಿಸ್ಕ್ ಹಾಕಿದ್ರೆ ಓಡುದಿಲ್ಲ. ಸ್ವಿಚ್‌ನ ಅಡಾಪ್ಟರ್ 100ರಿಂದ 240 ವೋಲ್ಟಿನವರೆಗೆ ನಡೀತದೆ, ಗೇಮ್ ಕಾರ್ಡಿಗೂ ರೀಜನ್ ಲಾಕ್, ಅಂದ್ರೆ ಒಂದು ಕಡೆಯದ್ದು ಇನ್ನೊಂದು ಕಡೆಯ ಮೆಷಿನಿನಲ್ಲಿ ಓಡದ ಹಾಗೆ ಮಾಡುವ ಬೀಗ, ಇಲ್ಲ. ಸ್ವಿಚ್‌ನ ಎರಡು ಬದಿಗೆ ಸಿಕ್ಕಿಸುವ ಜಾಯ್‌ಕಾನ್ ಅನ್ನೋ ಕಂಟ್ರೋಲರ್ ಜೋಡಿಯನ್ನೇ ಬಿಡಿಸಿದ್ರೆ ಇಬ್ರು ಆಡ್ಬಹುದು, ಎರಡನೇ ಕಂಟ್ರೋಲರ್‌ಗೆ ಅಂತ ಬೇರೆ ಖರ್ಚಿಲ್ಲ.

2025ರ ಜೂನ್ 5ಕ್ಕೆ ಬಂದ ಸ್ವಿಚ್ 2ರಲ್ಲಿ ತಕ್ಕಡಿ ಮತ್ತೆ ಗೇಮರ್‌ಗಳ ಕಡೆ ವಾಲಿದೆ ಅಂತ ನಂಗೆ ಕಾಣ್ತದೆ. ಶುರುವಿನ ರೇಟು 449.99 ಡಾಲರ್, ಅದೇ ದಿನ ಬಂದ ಮಾರಿಯೋ ಕಾರ್ಟ್ ವರ್ಲ್ಡ್ ಗೇಮ್ ಬೇರೆ ತಗೊಂಡ್ರೆ 79.99. ಹಳೇ ಸ್ವಿಚ್‌ನ ಹೆಚ್ಚಿನ ಗೇಮೆಲ್ಲ ಇದ್ರಲ್ಲಿ ಓಡ್ತದೆ, ಅದು ಒಳ್ಳೇದೇ. ಆದ್ರೆ ಹಳೇ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಿ ಗೇಮ್ ಇಡ್ಲಿಕ್ಕೆ ಆಗುದಿಲ್ಲ, ಎಕ್ಸ್‌ಪ್ರೆಸ್ ಅನ್ನೋ ಹೊಸ ಥರದ್ದೇ ಆಗ್ಬೇಕು, ಮತ್ತೆ ಕೆಲವು ಗೇಮ್ ಬಾಕ್ಸಿನೊಳಗೆ ಇರೋದು ಬರೀ ಕೀ ಕಾರ್ಡ್, ಗೇಮ್ ನೆಟ್ಟಿಂದ ಡೌನ್‌ಲೋಡ್ ಮಾಡ್ಕೊಳ್ಬೇಕು. ಗೇಮರ್‌ಗಳು ಇದನ್ನೆಲ್ಲ ಬಾಯಿಪಾಠ ಮಾಡಿಯೇ ಬರ್ತಾರೆ. ಪಾಪ, ರಜೆಗೆ ಬರುವಾಗ ಡ್ಯೂಟಿ ಫ್ರೀಯಲ್ಲಿ ತಗೊಂಡು ಬರುವ ಮಾವನಿಗೆ ಇದನ್ನೆಲ್ಲ ಯಾರು ಹೇಳ್ಬೇಕು?

ಹಾಗಾಗಿ ಸಣ್ಣ ಮಕ್ಳಿರುವ ಮನೆಯವರು ಕೇಳಿದ್ರೆ ನಾನು ಸದ್ಯಕ್ಕೆ ಹಳೇ ಸ್ವಿಚ್ಚನ್ನೇ ಹೇಳೋದು, ಮಾರಿಯೋ ಕಾರ್ಟ್ 8 ಡಿಲಕ್ಸ್ ಜೊತೆ. ಎರಡನೇ ಗೇಮ್ ಯಾವುದು ತಗೊಳ್ಳುದು ಅಂತ ಕೇಳ್ಕೊಂಡು ಅವ್ರಾಗಿ ವಾಪಸ್ ಬಂದ್ರೆ ಆಗ ಸ್ವಿಚ್ 2ರ ಮಾತು, ಬರುವಾಗ ಹೊರಗಿನಿಂದ ತರಿಸುವವರು ಬಾಕ್ಸಿನ ಎದುರುಗಡೆ ಕೆಳಗೆ ಕೀ ಕಾರ್ಡಿನ ಗುರುತು ಉಂಟಾ ಅಂತ ಫೋಟೋ ತೆಗ್ದು ಕಳ್ಸಿ ಅಂತ ಹೇಳಿಡ್ತೇನೆ.