ಸಂಡೇ ಸ್ಕೂಲ್ ಹುಟ್ಟಿದ್ದು ಅಕ್ಷರ ಕಲಿಸಲು

ಬೆಂಗಳೂರಿನ ಕನ್ನಡ ಕ್ರೈಸ್ತ ಸಭೆಗಳಲ್ಲಿ ಸಂಡೇ ಸ್ಕೂಲ್ (ಮಕ್ಕಳ ಭಾನುವಾರದ ಧರ್ಮಪಾಠ) ನಡೆಸುವವರ ದೊಡ್ಡ ಚಿಂತೆ ಬೈಬಲ್ ಕಥೆಯದ್ದಲ್ಲ, ಓದಿನದ್ದು. ಮನೆಯಲ್ಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡುವ ಹತ್ತು ವರ್ಷದ ಮಗು ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆರೆದರೆ ಒಂದು ವಚನಕ್ಕೇ ತಡವರಿಸುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳಲ್ಲಿ ಇದು ಮಾಮೂಲಿ. ಈ ತೊಡಕು ಈ ಕಾಲದ್ದು ಅನಿಸಬಹುದು. ಆದರೆ ಸಂಡೇ ಸ್ಕೂಲ್ ಶುರುವಾದದ್ದೇ ಓದಲು ಬಾರದ ಮಕ್ಕಳಿಗಾಗಿ.

1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಒಡೆಯರು ಬಡಮಕ್ಕಳಿಗೆ ಭಾನುವಾರದ ತರಗತಿ ಆರಂಭಿಸಿದರು. ಗುಂಡುಸೂಜಿ ತಯಾರಿಕೆಯಂಥ ಕೆಲಸದಲ್ಲಿ ಆರು ದಿನ ದುಡಿಯುತ್ತಿದ್ದ ಆ ಮಕ್ಕಳಿಗೆ ಬಿಡುವಿದ್ದದ್ದು ಏಳನೆಯ ದಿನ ಮಾತ್ರ. ಸಂಬಳ ಕೊಟ್ಟು ಶಿಕ್ಷಕಿಯರನ್ನು ಇಟ್ಟರು. ಅಕ್ಷರಮಾಲೆ ಕಲಿಸಿದರು, ಬೈಬಲನ್ನೇ ಓದಿನ ಪುಸ್ತಕ ಮಾಡಿಕೊಂಡರು. ಮುಂದೆ 1870ರ ಶಿಕ್ಷಣ ಕಾಯ್ದೆಯಿಂದ ಅಲ್ಲಿ ಸರ್ಕಾರಿ ನೆರವಿನ ಶಾಲೆಗಳು ಹರಡಿದಾಗ ಅಕ್ಷರ ಕಲಿಸುವ ಕೆಲಸ ಅವುಗಳ ಪಾಲಾಯಿತು. ಭಾನುವಾರಕ್ಕೆ ಧರ್ಮಪಾಠವಷ್ಟೇ ಉಳಿಯಿತು.

ಕನ್ನಡ ನಾಡಿನಲ್ಲಿ ನಡೆದದ್ದು ಬೇರೆ. ಇಲ್ಲಿ ಮೊದಲು ನೆಲೆಯೂರಿದ್ದು ವಾರದ ದಿನಗಳ ಶಾಲೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಎರಡೇ ವರ್ಷಗಳಲ್ಲಿ ಕನ್ನಡ ಶಾಲೆ ತೆರೆದರು, 1841ರಲ್ಲಿ ಮುದ್ರಣಾಲಯ ಹಾಕಿದರು. 1847ರಲ್ಲಿ ಹರ್ಮನ್ ಮೋಗ್ಲಿಂಗ್ ಉಪದೇಶಿಗಳನ್ನು, ಅಂದರೆ ಸಭೆಯ ಬೋಧಕರನ್ನು, ತಯಾರು ಮಾಡುವ ಸೆಮಿನರಿ ಆರಂಭಿಸಿದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕನ್ನಡ ಬೈಬಲ್ 1830ರ ದಶಕದ ಆರಂಭಕ್ಕೇ ಪೂರ್ಣಗೊಂಡಿತ್ತು. ಪ್ರೊಟೆಸ್ಟೆಂಟ್ ಸಭೆಯಲ್ಲಿ ಪ್ರತಿ ವಿಶ್ವಾಸಿಯೂ ತಾನೇ ವಾಕ್ಯ ಓದಬೇಕೆಂಬ ಆಸೆ. ಹಾಗಾಗಿ ಬೈಬಲಿನ ಬೆನ್ನಿಗೇ ಶಾಲೆ ಬಂತು. ಹಳ್ಳಿಗಳಲ್ಲಿ ಎಷ್ಟೋ ಕಡೆ ವಾರವಿಡೀ ಮೇಷ್ಟರಾಗಿದ್ದವರೇ ಭಾನುವಾರ ಉಪದೇಶಿ. ಮಗುವಿಗೆ ಓದು, ಲೆಕ್ಕ, ಬೈಬಲ್ ಮೂರೂ ಒಂದೇ ಬೆಂಚಿನಲ್ಲಿ ಸಿಗುತ್ತಿದ್ದವು.

ಭಾರತದ ಶಿಕ್ಷಣಕ್ಕೆ ಬ್ರಿಟಿಷ್ ಆಡಳಿತ ಹಾಕಿಕೊಟ್ಟ ನೀತಿಯಾದ 1854ರ ವುಡ್ ಆಜ್ಞಾಪತ್ರ ಈ ಏರ್ಪಾಡನ್ನು ಗಟ್ಟಿ ಮಾಡಿತು. ಖಾಸಗಿ ಶಾಲೆಗಳಿಗೆ ಸರ್ಕಾರ ಅನುದಾನ ಕೊಡುವುದು, ಇನ್ಸ್‌ಪೆಕ್ಟರು ಲೌಕಿಕ ವಿಷಯಗಳನ್ನಷ್ಟೇ ಪರೀಕ್ಷಿಸುವುದು, ಧರ್ಮಪಾಠದ ಗೊಡವೆಗೆ ಹೋಗದಿರುವುದು ಅದರ ನೀತಿ. ಬೈಬಲ್ ಪೀರಿಯಡ್ ವೇಳಾಪಟ್ಟಿಯಲ್ಲಿ ಉಳಿಯಿತು. ಅದರ ಜೊತೆಗೇ ಒಂದು ದುರಭ್ಯಾಸವೂ ಬೆಳೆಯಿತು: ಮಕ್ಕಳ ಧರ್ಮಶಿಕ್ಷಣ ಶಾಲೆಯ ಕೆಲಸ, ನಮ್ಮದಲ್ಲ ಎಂದು ಸಭೆಯೂ ಮನೆಯೂ ನಿಶ್ಚಿಂತವಾದವು. ಇಂದಿನ ಪೇಚಿನ ಬೇರು ಇರುವುದು ಇಲ್ಲೇ ಎಂದು ನಮ್ಮ ಎಣಿಕೆ.

1950ರಲ್ಲಿ ಸಂವಿಧಾನ ಬಂತು. ಅದರ 28ನೇ ವಿಧಿಯಂತೆ ಪೂರ್ತಿ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಕೂಡದು. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಇರಬಹುದು, ಆದರೆ ಒಪ್ಪಿಗೆಯಿಲ್ಲದೆ ಯಾರನ್ನೂ, ಅಪ್ರಾಪ್ತ ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಕೂರಿಸುವಂತಿಲ್ಲ. ಬಹುಪಾಲು ಬೇರೆ ಧರ್ಮದ ಮಕ್ಕಳೇ ಕಲಿಯುವ ಶಾಲೆಗಳಲ್ಲಿ ಇದು ನ್ಯಾಯವಾದ ನಿಯಮ. ಕ್ಯಾಥೊಲಿಕ್ ಶಾಲೆಗಳು ತಮ್ಮ ಮಕ್ಕಳಿಗೆ ಕ್ಯಾಟಕಿಸಂ (ಧರ್ಮಬೋಧೆ), ಉಳಿದವರಿಗೆ ನೀತಿಪಾಠ ಎಂದು ಎರಡು ಕವಲು ಮಾಡಿಕೊಂಡವು. ಅದೇ ಕಾಲಕ್ಕೆ ಕ್ರೈಸ್ತ ಮಕ್ಕಳೂ ಮಿಶನ್ ಶಾಲೆ ಬಿಟ್ಟು ಬೇರೆ ಬೇರೆ ಶಾಲೆಗಳಿಗೆ ಚದುರತೊಡಗಿದರು. ಹೊಣೆ ಭಾನುವಾರದ ಒಂದು ತರಗತಿಯ ತಲೆಗೆ ಬಿತ್ತು.

ಲೆಕ್ಕ ಹಾಕಿ ನೋಡಿ. ಶಾಲೆಯ ಬೈಬಲ್ ಪೀರಿಯಡ್ ದಿನಕ್ಕೆ ಅರ್ಧ ಗಂಟೆಯಂತೆ 200 ಶಾಲಾ ದಿನ ಎಂದರೆ ವರ್ಷಕ್ಕೆ 100 ಗಂಟೆ. ಸಂಡೇ ಸ್ಕೂಲಿಗೆ 52 ಭಾನುವಾರ ಇವೆಯೆನ್ನಿ. ಅದರಲ್ಲಿ ಪರೀಕ್ಷೆಯ ತಿಂಗಳು, ಬೇಸಿಗೆ ರಜೆ, ಕ್ರಿಸ್ಮಸ್ ಕಾರ್ಯಕ್ರಮದ ರಿಹರ್ಸಲ್ ಕಳೆದರೆ ಕೈಗೆ ಸಿಗುವುದು ಸುಮಾರು 35. ತಲಾ 40 ನಿಮಿಷ ಹಿಡಿದರೂ 24 ಗಂಟೆ ತುಂಬುವುದಿಲ್ಲ. ರಿಹರ್ಸಲನ್ನು ಆರಾಧನೆ ಮುಗಿದ ಮೇಲೆ ಇಟ್ಟುಕೊಂಡರೆ ನಾಲ್ಕೈದು ಪಾಠ ಉಳಿಯುತ್ತವೆ. ಎಷ್ಟೋ ಸಭೆಗಳು ಇಷ್ಟನ್ನೂ ಮಾಡುವುದಿಲ್ಲ.

ಪಾಠಕ್ರಮದ ಕಥೆಯೂ ಇದೆ. 1872ರಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡ ಏಕರೂಪ ಪಾಠಪದ್ಧತಿಯಲ್ಲಿ ಐದು ವರ್ಷದ ಮಗುವಿಗೂ ಐವತ್ತರ ಹಿರಿಯರಿಗೂ ಆ ವಾರ ಒಂದೇ ಬೈಬಲ್ ಭಾಗ. ವಯಸ್ಸಿಗೆ ತಕ್ಕ ಪಾಠಗಳು ಬಂದದ್ದು 20ನೇ ಶತಮಾನದಲ್ಲಿ. ಹಳೆಯ ಪದ್ಧತಿಯಿಂದ ಗಟ್ಟಿಯಾಗಿ ಉಳಿದದ್ದು ವಾರಕ್ಕೊಂದು ಬಾಯಿಪಾಠ ವಚನ. ಬಾಯಿಪಾಠ ಒಳ್ಳೆಯದೇ. ಕೆಡುವುದು ಅರ್ಥ ಬಿಟ್ಟುಹೋದಾಗ.

ಬೈಬಲಿನ 23ನೇ ಕೀರ್ತನೆಯ ಮೊದಲ ಸಾಲಿನಲ್ಲಿರುವ ‘ಕೊರತೆಪಡೆನು’ ನೋಡಿ. ಇದು ಹಳೆಯ ನಿಷೇಧ ರೂಪ: ಮಾಡೆನು ಎಂದರೆ ಮಾಡುವುದಿಲ್ಲ, ಕೊರತೆಪಡೆನು ಎಂದರೆ ನನಗೆ ಯಾವ ಕೊರತೆಯೂ ಆಗದು. ಈ ರೂಪವನ್ನು ಮಾತಿನಲ್ಲಿ ಕೇಳದ ಮಗುವಿನ ಕಿವಿಗೆ ಅದು ‘ಪಡೆದೆನು’ ಎಂದಂತೆ. ಕೊರತೆಯನ್ನು ಪಡೆದೆನು! ಅದೇ ಕೀರ್ತನೆಯ ‘ಹೆದರೆನು’ ಎಂಬುದು ‘ಹೆದರಿದೆನು’ ಆಗುತ್ತದೆ. ಒಂದಕ್ಷರವೂ ತಪ್ಪದೆ ಒಪ್ಪಿಸಿ ಬಹುಮಾನ ಪಡೆದ ಮಗು ಕೀರ್ತನೆಯನ್ನು ತಲೆಕೆಳಗಾಗಿ ಕಲಿತಿರಬಹುದು. ಮೊದಲು ‘ನನಗೆ ಏನೂ ಕಮ್ಮಿ ಆಗಲ್ಲ’ ಎಂದು ಆಡುಮಾತಿನಲ್ಲಿ ಹೇಳಿಸಿ, ಆಮೇಲೆ ವಚನಕ್ಕೆ ಹೋಗಬೇಕು.

ಓದು ಬಾರದವರಿಗೆಂದು ಹಾಡಿನ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪರದೆಗೆ ಹಾಕುವುದು ಈಗ ರೂಢಿ. ಅಂದಿಗೆ ಕೆಲಸ ಸಾಗುತ್ತದೆ, ಆದರೆ ಬಲವೂ ಬಾಲವೂ ಒಂದೇ ಆಗುತ್ತವೆ, ಲಕಾರ ಳಕಾರದ ಭೇದ ಅಳಿಯುತ್ತದೆ. ಕನ್ನಡ ಕಲಿಯುವ ಅಗತ್ಯವೂ ಮಗುವಿಗೆ ಕಾಣದಾಗುತ್ತದೆ.

ತರಗತಿಯ ಮೊದಲ ಹತ್ತು ನಿಮಿಷವನ್ನು ಓದಿಗೇ ಮೀಸಲಿಡಿ. ಒಬ್ಬ ಶಿಕ್ಷಕರಿಗೆ ಆರೇಳು ಮಕ್ಕಳಿಗಿಂತ ಹೆಚ್ಚು ಬೇಡ, ಒಬ್ಬೊಬ್ಬರ ಬೆರಳು ಎಲ್ಲಿದೆ ಎಂದು ಕಾಣಬೇಕು. ಮಕ್ಕಳಿಗೆ ಬಾಯಿಗೆ ಬರುವ ಹಾಡನ್ನೇ ದೊಡ್ಡಕ್ಷರದಲ್ಲಿ ಬರೆದು, ಹಾಡುತ್ತಾ ಪದದ ಕೆಳಗೆ ಬೆರಳು ಸರಿಸಲು ಹೇಳಿ. ಬಿಡಿ ಪದಗಳಿಗೆ ಬಂದಾಗ ಎಲ್ಲರೂ ಎಡವುವ ಜಾಗ ಒಂದಿದೆ: ಸಭೆಯ ಎಷ್ಟೋ ಮುಖ್ಯ ಪದಗಳಲ್ಲಿ ಒತ್ತಕ್ಷರ. ಆತ್ಮ, ರಕ್ಷಣೆ, ‘ಕ್ರಿಸ್ತ’, ‘ಸ್ತೋತ್ರ’ಗಳಲ್ಲಂತೂ ಎರಡೆರಡು. ಇವುಗಳಿಂದ ಶುರು ಮಾಡಿದರೆ ಮಗು ಎರಡನೇ ವಾರಕ್ಕೇ ಕೈಚೆಲ್ಲುತ್ತದೆ. ಯೇಸು, ದೇವರು, ಕುರಿ, ದಾರಿ, ಬೆಳಕು ಮೊದಲು. ಕಾಗುಣಿತ ಕೂತ ಮೇಲೆ ಒತ್ತು. ವಾರಕ್ಕೊಮ್ಮೆ ಓದಿದ್ದು ನಿಲ್ಲುವುದಿಲ್ಲವಾದ್ದರಿಂದ ಅದೇ ಹಾಳೆಯನ್ನು ಮನೆಗೆ ಕೊಟ್ಟು, ದಿನಕ್ಕೆ ಐದು ನಿಮಿಷ ಓದಿಸಲು ಹೆತ್ತವರನ್ನೋ ಅಜ್ಜಿಯನ್ನೋ ಒಪ್ಪಿಸಿ.

ಇದಕ್ಕೆ ಒಂದು ಗಡುವೂ ಉಂಟು. ಹದಿಹರೆಯದಲ್ಲಿ ದೃಢೀಕರಣದ (ತನ್ನ ವಿಶ್ವಾಸವನ್ನು ಸಭೆಯ ಮುಂದೆ ತಾನೇ ಒಪ್ಪಿ ಹೇಳುವ ವಿಧಿಯ) ತರಗತಿ ಬರುತ್ತದೆ. ದಶಾಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಸಂಸ್ಕಾರಗಳ ಅರ್ಥ ಇವನ್ನು ಕೆಲವೇ ವಾರಗಳಲ್ಲಿ ಕಲಿಯಬೇಕು. ಆಗ ಅಕ್ಷರ ತಿದ್ದುತ್ತ ಕೂರಲು ಪುರಸೊತ್ತಿಲ್ಲ. ಹನ್ನೆರಡರ ಹೊತ್ತಿಗೆ ಮಗು ಆರಾಧನೆಯಲ್ಲಿ ನಿಂತು ಬೈಬಲ್ ಪಾಠ ಓದುವಂತಾಗಬೇಕು. ಓದುವ ಭಾಗವನ್ನು ಎರಡು ಭಾನುವಾರ ಮುಂಚೆಯೇ ಕೊಟ್ಟು, ಉದ್ದದ ಪದಗಳನ್ನು ಪೆನ್ಸಿಲಿನಿಂದ ಬಿಡಿಸಿ ಗುರುತು ಹಾಕಿ, ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ.