ಭಾವವಿಲ್ಲದ ಮುಖಗಳಿಂದ ನೀತಿಪಾಠ ಸಾಧ್ಯವೆ?

ಪ್ರಶ್ನೆ: ಆರ್ಥಡಾಕ್ಸ್ ಕ್ರೈಸ್ತರು ಸಂತರ ಜೀವನಕಥೆಯ ಐಕನ್‌ಗಳನ್ನು (ಪೂಜ್ಯ ಚಿತ್ರಪಟಗಳನ್ನು) ತೋರಿಸಿ ಮಕ್ಕಳಿಗೆ ನೀತಿ ಹೇಳಿಕೊಡುತ್ತಾರೆಂದು ಓದಿದ್ದೇನೆ. ಆ ಚಿತ್ರಗಳಲ್ಲಿ ಯಾರ ಮುಖದಲ್ಲೂ ನಗುವಿಲ್ಲ, ಅಳುವಿಲ್ಲ. ಅವು ಮಕ್ಕಳ ಮನಸ್ಸಿಗೆ ನಾಟುವುದು ಹೇಗೆ?

ಉತ್ತರ: ಮುಖದಲ್ಲಿ ಭಾವ ತೋರದಿರುವುದೇ ಪಾಠಕ್ಕೆ ಅನುಕೂಲವೆಂದು ನನಗೆ ತೋರುತ್ತದೆ. ಎಲ್ಲಿ ಮರುಗಬೇಕು, ಯಾರನ್ನು ಮೆಚ್ಚಬೇಕು ಎಂಬುದನ್ನು ಚಿತ್ರವೇ ಹೇಳಿಬಿಟ್ಟರೆ ಮಗುವಿಗೆ ಯೋಚಿಸುವ ಕೆಲಸ ಉಳಿಯುವುದಿಲ್ಲ.

ಇಂಥ ಐಕನ್‌ನ ನಡುವೆ ಸಂತನ ದೊಡ್ಡ ರೂಪವೂ ಸುತ್ತಲಿನ ಅಂಚಿನಲ್ಲಿ ಅವನ ಬದುಕಿನ ಪ್ರಸಂಗಗಳ ಪುಟ್ಟ ಚೌಕಗಳೂ ಇರುತ್ತವೆ. ಈಜಿಪ್ಟಿನ ಸೀನಾಯ್‌ನ ಸಂತ ಕ್ಯಾಥರೀನ್ ಮಠದಲ್ಲಿ 13ನೇ ಶತಮಾನದಷ್ಟು ಹಳೆಯವು ಉಳಿದಿವೆ. ರಷ್ಯನ್ನರು ಈ ಚೌಕವನ್ನು ಕ್ಲೆಯ್ಮೊ, ಅಂದರೆ ಮುದ್ರೆ, ಎನ್ನುತ್ತಾರೆ. ಒಂದು ದಿನಕ್ಕೆ ಒಂದು ಚೌಕ ಸಾಕು.

ಇಂದಿನ ಟರ್ಕಿಯಲ್ಲಿದ್ದ ಮೈರಾ ಪಟ್ಟಣದ ಸಂತ ನಿಕೋಲಾಸ್‌ನ ಐಕನ್‌ನಲ್ಲಿ ಮೂವರು ಹೆಣ್ಣುಮಕ್ಕಳ ಪ್ರಸಂಗವನ್ನೇ ನೋಡಿ. ದಿವಾಳಿಯೆದ್ದ ತಂದೆ, ಮಲಗಿರುವ ಮಕ್ಕಳು, ಹೊರಗಿನಿಂದ ಹೊನ್ನಿನ ಗಂಟು ಹಿಡಿದು ಚಾಚಿದ ನಿಕೋಲಾಸ್‌ನ ಕೈ. ನಡೆಯುವುದು ರಾತ್ರಿಯಲ್ಲಾದರೂ ಚಿತ್ರದಲ್ಲಿ ಕತ್ತಲೆಯಿಲ್ಲ, ನೆರಳಿಲ್ಲ. ಮಲಗಿದವರನ್ನು ನೋಡಿಯೇ ರಾತ್ರಿಯೆಂದು ತಿಳಿಯಬೇಕು. ಕೊಡಲು ಬಂದವನು ಬಾಗಿಲು ತಟ್ಟಲಿಲ್ಲವೇಕೆ ಎಂದು ಕೇಳಿ, ಮಕ್ಕಳು ಉತ್ತರಿಸುವವರೆಗೆ ಸುಮ್ಮನಿರಿ. ಹೀಗೆ ಗುಟ್ಟಾಗಿ ಮೂರು ಸಲ ಹೊನ್ನು ಬಂತು; ಮೂರನೆಯ ಸಲ ತಂದೆ ಕಾದಿದ್ದು ಹಿಡಿದು ಕಾಲಿಗೆ ಬಿದ್ದಾಗ, ಯಾರಿಗೂ ಹೇಳಬೇಡವೆಂದು ನಿಕೋಲಾಸ್ ಕೇಳಿಕೊಂಡನೆಂಬ ಕಥಾಭಾಗವನ್ನು ಆಮೇಲೆ ಹೇಳಿದರಾಯಿತು. (ನಮ್ಮಲ್ಲಿ ಈ ಕಥೆ ಹೇಳುವವರಿಗೆ ಒಂದು ಮುಳ್ಳು ಇದ್ದೇ ಇದೆ: ಆ ಹೊನ್ನು ಹೋದದ್ದು ವರದಕ್ಷಿಣೆಗೆ. ಅದನ್ನು ಮುಚ್ಚಿಡದೆ ಚರ್ಚಿಸುವುದು ಲೇಸು.)

ಇನ್ನೊಂದು ಚೌಕದಲ್ಲಿ ನಿರಪರಾಧಿಗಳ ತಲೆ ಕಡಿಯಲು ಎತ್ತಿದ ಕತ್ತಿಯನ್ನು ನಿಕೋಲಾಸ್ ಬರಿಗೈಯಿಂದ ತಡೆಯುತ್ತಾನೆ. ಇದೇ ಘಟನೆಯನ್ನು ರಷ್ಯನ್ ಚಿತ್ರಕಾರ ಇಲ್ಯಾ ರೇಪಿನ್ 1888ರಲ್ಲಿ ದೊಡ್ಡ ತೈಲಚಿತ್ರವಾಗಿ, ಮುಖಗಳಲ್ಲೆಲ್ಲ ಭಾವ ತುಂಬಿ ಬರೆದ. ನೋಡಿದೊಡನೆ ಮೈ ನಡುಗುತ್ತದೆ, ಆದರೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಓದಿನಲ್ಲಿ ಹಿಂದುಳಿದ ಮಗುವಿಗೆ ರಷ್ಯಾದ ಸಂತ, ರಾದೊನೆಝ್‌ನ ಸೆರ್ಗಿಯ ಕಥೆ ಹತ್ತಿರವಾಗುತ್ತದೆ. ಬಾಲಕನಾಗಿದ್ದಾಗ ಅವನಿಗೂ ಅಕ್ಷರ ಹತ್ತುತ್ತಿರಲಿಲ್ಲ. ಅಣ್ಣನ ವಿರುದ್ಧ ಆಯುಧವೆತ್ತದೆ 1015ರಲ್ಲಿ ಕೊಲೆಯಾದ ಕೀವ್ ರಾಜ್ಯದ ರಾಜಕುಮಾರರಾದ ಬೊರಿಸ್ ಮತ್ತು ಗ್ಲೆಬ್ ಸೋದರರ ಐಕನ್ ಹೈಸ್ಕೂಲಿನವರಿಗಿರಲಿ. ಸುಮ್ಮನೆ ಸಾಯುವುದು ಸದ್ಗುಣವೇ ಎಂಬ ವಾದ ಅಲ್ಲಿ ಎದ್ದೇ ಏಳುತ್ತದೆ.

ರಷ್ಯಾದಲ್ಲಿ 2012ರಿಂದ ನಾಲ್ಕನೇ ತರಗತಿಗೆ ಧಾರ್ಮಿಕ ಸಂಸ್ಕೃತಿ ಮತ್ತು ನೀತಿಯ ಪಾಠವಿದ್ದು, ಅದರ ಆಯ್ಕೆಗಳಲ್ಲಿ ಆರ್ಥಡಾಕ್ಸ್ ಸಂಸ್ಕೃತಿಯೂ ಒಂದು. ಆದರೆ ಐಕನ್ ಮೂಲತಃ ಪಠ್ಯಚಿತ್ರವಲ್ಲ. ಅದಕ್ಕೆ ಸಲ್ಲಿಸಿದ ಗೌರವ ಚಿತ್ರಿತನಾದವನಿಗೆ ಸಲ್ಲುತ್ತದೆ, ಆರಾಧನೆ ದೇವರಿಗೆ ಮಾತ್ರ ಎಂದು 787ರಲ್ಲಿ ನೈಸೀಯಾದಲ್ಲಿ ಸೇರಿದ ಚರ್ಚಿನ ಮಹಾಸಭೆ ನಿರ್ಧರಿಸಿತು. ಜನ ಅದರ ಮುಂದೆ ದೀಪ ಹಚ್ಚಿ, ಬಾಗಿ ಮುತ್ತಿಡುತ್ತಾರೆಂದು ಹೇಳದೆ ಬರಿಯ ಮುದ್ರಿತ ಪ್ರತಿಯನ್ನು ಹಂಚಿದರೆ ಮಕ್ಕಳಿಗೆ ತಲುಪುವುದು ಅರ್ಧ ಮಾತ್ರ.

ನಿಕೋಲಾಸ್‌ನ ಐಕನ್‌ಗಳಲ್ಲಿ ಎಷ್ಟೋ ಸಲ ಕೊನೆಯ ಚೌಕ ಅವನ ಅಸ್ಥಿಗಳನ್ನು ಇಟಲಿಯ ಬಾರಿ ನಗರಕ್ಕೆ ಒಯ್ದದ್ದು. 1087ರಲ್ಲಿ ಬಾರಿಯ ನಾವಿಕರು ಮೈರಾದವರನ್ನು ಕೇಳದೆ ಕೊಂಡೊಯ್ದರು. ರಷ್ಯನ್ ಚರ್ಚು ಅದನ್ನು ಹಬ್ಬವಾಗಿ ಆಚರಿಸುತ್ತದೆ. ಅದು ಕಳ್ಳತನವಲ್ಲವೆ ಎಂದು ಯಾವುದಾದರೊಂದು ಮಗು ಕೇಳಿದರೆ ಪಾಠ ಸರಿಯಾಗಿಯೇ ನಡೆಯುತ್ತಿದೆ ಎಂದರ್ಥ.